ಮಡಚುವ ಫೋನಾ, ಸಾದಾ ಫೋನಾ? ಒಂದೂಮುಕ್ಕಾಲು ಲಕ್ಷ ಸುರಿಯುವ ಮೊದಲು

2025ರ ದೀಪಾವಳಿ ಹೊತ್ತಿಗೆ ನಮ್ಮ ಮನೆಯಲ್ಲಿ ಇಬ್ಬರು ಒಟ್ಟಿಗೇ ಫೋನ್ ಬದಲಾಯಿಸಲು ಹೊರಟರು. ಒಬ್ಬರು ನಮ್ಮ ಭಾವ. ಚಿತ್ರದುರ್ಗದಲ್ಲಿ ಸಿವಿಲ್ ಕಾಂಟ್ರಾಕ್ಟರ್. ಸೈಟಿನಲ್ಲಿ ನಿಂತು, ವಾಟ್ಸಾಪಿಗೆ ಬಂದ ಡ್ರಾಯಿಂಗನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ ಅವರಿಗೆ ಸಾಕಾಗಿಹೋಗಿದೆ. ಇನ್ನೊಬ್ಬಳು ಅವರ ಮಗಳು. ಬೆಂಗಳೂರಲ್ಲಿ ಕೆಲಸ, ದಿನಾ ಮೆಟ್ರೋದಲ್ಲಿ ಓಡಾಟ. ಇಬ್ಬರಿಗೂ ಮಡಚುವ ಫೋನೇ ಬೇಕು. ಆದರೆ ಕಾರಣ ಪೂರ್ತಿ ಉಲ್ಟಾ. ಅಪ್ಪನಿಗೆ ಫೋನ್ ದೊಡ್ಡದಾಗಬೇಕು, ಮಗಳಿಗೆ ಚಿಕ್ಕದಾಗಬೇಕು.

ನಾನು ಎರಡು ವರ್ಷದಿಂದ ಪುಸ್ತಕದ ಹಾಗೆ ತೆರೆಯುವ ಫೋನ್ ಬಳಸುತ್ತಿದ್ದೇನೆ. ದಾವಣಗೆರೆಯಲ್ಲಿ ಲೆಕ್ಕಪತ್ರದ ಕೆಲಸ ನಂದು, ದಿನವಿಡೀ ಎಕ್ಸೆಲ್ ಮತ್ತು ಪಿಡಿಎಫ್ ಜೊತೆಗೇ ಬದುಕು. ಹಾಗಾಗಿ ಇಬ್ಬರೂ ನನಗೇ ಫೋನ್ ಮಾಡಿದರು. "ನಿಂದು ಹೇಗಿದೆ, ನಿಜ ಹೇಳು" ಅಂದರು ಭಾವ. ಅವರಿಬ್ಬರಿಗೆ ತುಂಡು ತುಂಡಾಗಿ ಹೇಳಿದ್ದನ್ನೇ ಇಲ್ಲಿ ಕೂಡಿಸಿ ಬರೆದಿದ್ದೇನೆ. ಬೆಲೆಗಳೆಲ್ಲ ಭಾರತದಲ್ಲಿ ಬಿಡುಗಡೆಯಾದಾಗಿನವು. ಅಂಗಡಿಯಲ್ಲಿ, ಆನ್‌ಲೈನ್ ಆಫರಿನಲ್ಲಿ ಹೆಚ್ಚು ಕಮ್ಮಿ ಇದ್ದೇ ಇರುತ್ತದೆ.

ಮೊದಲು ಒಂದು ವಿಷಯ. ಮಡಚುವ ಫೋನು ಅಂತ ಒಂದೇ ಜಾತಿ ಇಲ್ಲ, ಎರಡಿವೆ. ಒಂದು ಪುಸ್ತಕದ ಥರ. ಮುಚ್ಚಿದಾಗ ಮಾಮೂಲಿ ಫೋನ್, ತೆರೆದರೆ ಸಣ್ಣ ಟ್ಯಾಬ್. ಇನ್ನೊಂದು ಕುಂಕುಮದ ಡಬ್ಬಿಯ ಥರ. ತೆರೆದರೆ ಮಾಮೂಲಿ ಫೋನ್, ಮುಚ್ಚಿದರೆ ಅಂಗೈಯಷ್ಟು. ಈ ಎರಡನ್ನೂ ಅಂಗಡಿಯವರು ಒಂದೇ ಮೇಜಿನ ಮೇಲೆ ಇಟ್ಟಿರುತ್ತಾರೆ. ಆದರೆ ಇವೆರಡರಲ್ಲಿ ಯಾವುದು ಅಂತ ತಲೆ ಕೆಡಿಸಿಕೊಳ್ಳುವವರು ಅಪರೂಪ. ನಿಜವಾದ ಪೈಪೋಟಿ ಇರುವುದು ಇವಕ್ಕೂ, ಜೇಬಲ್ಲಿ ಈಗಾಗಲೇ ಇರುವಂಥ ಸಾದಾ ಹಲಗೆ ಫೋನಿಗೂ.

ಗಾಜು ಹೇಗಪ್ಪಾ ಮಡಚುತ್ತೆ?

ಭಾವ ಕೇಳಿದ ಮೊದಲ ಪ್ರಶ್ನೆ ಇದೇ. ಕಟ್ಟಡದ ಮನುಷ್ಯ, ಗಾಜು ಅಂದರೆ ಒಡೆಯುವುದು ಅಂತಲೇ ಗೊತ್ತು.

ತೆಳ್ಳಗಿದ್ದರೆ ಗಾಜೂ ಬಾಗುತ್ತದೆ. ಇಂಥ ಫೋನುಗಳಲ್ಲಿ ಮೊದಲಿಗೆ ಬಂದ ಮಡಚುವ ಗಾಜಿನ ದಪ್ಪ ಸುಮಾರು 30 ಮೈಕ್ರಾನ್, ಅಂದರೆ ತಲೆಕೂದಲಿಗಿಂತ ತೆಳು. ಸ್ಯಾಮ್‌ಸಂಗ್ ಇದನ್ನು 2020ರ ಝಡ್ ಫ್ಲಿಪ್‌ನಲ್ಲಿ, ಅಂದರೆ ತನ್ನ ಡಬ್ಬಿ ಥರದ ಫೋನಿನಲ್ಲಿ ತಂದಿತು. ಅದಕ್ಕೆ ಮುಂಚೆ 2019ರಲ್ಲಿ ಬಂದ, ಪುಸ್ತಕದ ಥರದ ಮೊದಲ ಗ್ಯಾಲಕ್ಸಿ ಫೋಲ್ಡ್‌ನ ಸ್ಕ್ರೀನ್ ಮೇಲೆ ಇದ್ದಿದ್ದು ಪ್ಲಾಸ್ಟಿಕ್ಕೇ. ಅದರ ಕತೆ ಹಲವರಿಗೆ ನೆನಪಿರಬಹುದು. ಏಪ್ರಿಲ್‌ನಲ್ಲಿ ವಿಮರ್ಶಕರ ಕೈಗೆ ಕೊಟ್ಟ ಫೋನುಗಳು ಒಂದೊಂದಾಗಿ ಕೆಟ್ಟವು. ಕೆಲವರು ಮೇಲಿನ ಪದರವನ್ನು ಹೊಸ ಫೋನಿಗೆ ಅಂಟಿಸಿರುವ ಕವರು ಅಂದುಕೊಂಡು ಕಿತ್ತೇಬಿಟ್ಟಿದ್ದರು. ಕಂಪನಿ ಬಿಡುಗಡೆಯನ್ನು ಮುಂದೂಡಿ, ದೋಷ ಸರಿಪಡಿಸಿ, ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ತಂದಿತು.

ಇವತ್ತಿಗೂ ಗಾಜಿನ ಮೇಲೆ ಒಂದು ಪ್ಲಾಸ್ಟಿಕ್ ಪದರ ಇದ್ದೇ ಇರುತ್ತದೆ. ನೀವು ಬೆರಳಿಂದ ಮುಟ್ಟುವುದು ಅದನ್ನೇ, ಗಾಜನ್ನಲ್ಲ. ಉಗುರಿನ ಗುರುತು ಬೀಳುವುದು ಅದರ ಮೇಲೇ. ಅದನ್ನು ಕೀಳಬಾರದು, ನೀವಾಗಿಯೇ ಬದಲಾಯಿಸಲೂಬಾರದು.

ಇನ್ನು ನಡುವಿನ ಗೆರೆ. ಹಪ್ಪಳ ಮಡಚಿದರೆ ಮುರಿಯುತ್ತದೆ, ದೋಸೆ ಮಡಚಿದರೆ ಗೆರೆ ಬೀಳುತ್ತದೆ. ಫೋನೂ ದೋಸೆಯ ಜಾತಿಗೇ ಸೇರಿದ್ದು. ಎಷ್ಟು ಬಿಗಿಯಾಗಿ ಮಡಚುತ್ತೀರೋ ಗೆರೆ ಅಷ್ಟು ಆಳ. ಹಾಗಾಗಿ ಈಗಿನ ಹಿಂಜ್‌ಗಳಲ್ಲಿ, ಅಂದರೆ ಮಡಚುವ ಕೀಲುಗಳಲ್ಲಿ, ಸ್ಕ್ರೀನು ಮಡಚುವ ಜಾಗದಲ್ಲಿ ನೀರಿನ ಹನಿಯ ಆಕಾರದಲ್ಲಿ ಒಳಗೆ ದುಂಡಗೆ ಸುತ್ತಿಕೊಳ್ಳುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಇದು ಬಂದಿದ್ದು 2023ರ ಫೋಲ್ಡ್5, ಫ್ಲಿಪ್5ರಿಂದ. ಅದಕ್ಕೆ ಹಿಂದಿನವು ಮುಚ್ಚಿದರೂ ಒಂದು ಕಡೆ ಸಂದಿ ಉಳಿಯುತ್ತಿತ್ತು. ಈಗ ಪೂರ್ತಿ ಮುಚ್ಚುತ್ತವೆ. ಗೆರೆ ಮಾತ್ರ ಬೆಳಕು ಓರೆಯಾಗಿ ಬಿದ್ದಾಗ ಈಗಲೂ ಕಾಣುತ್ತದೆ. ಒಂದು ವಾರ ಕಣ್ಣಿಗೆ ಚುಚ್ಚುತ್ತದೆ, ಆಮೇಲೆ ಮರೆತುಹೋಗುತ್ತದೆ. ಗೆರೆ ಇದೆ ಅಂತ ಯಾರೂ ಇದನ್ನು ಬಿಡಬೇಕಿಲ್ಲ. ಬಿಡಲು ಬೇರೆ ಕಾರಣಗಳು ಬೇಕಾದಷ್ಟಿವೆ.

"ಹಿಂಜ್ ಎಷ್ಟು ದಿನ ಬರುತ್ತೆ?" ಹಿಂದೆ 2 ಲಕ್ಷ ಬಾರಿ ಮಡಚಿ ಪರೀಕ್ಷೆ ಮಾಡಿದ್ದೇವೆ ಅಂತ ಸ್ಯಾಮ್‌ಸಂಗ್ ಹೇಳುತ್ತಿತ್ತು. ಫೋಲ್ಡ್7ರ ಸ್ಕ್ರೀನಿಗೆ ಅದು 5 ಲಕ್ಷಕ್ಕೆ ಏರಿದೆ. ದಿನಕ್ಕೆ 100 ಸಲ ತೆರೆದರೂ 2 ಲಕ್ಷಕ್ಕೆ ಐದೂವರೆ ವರ್ಷ ಬೇಕು. ನಾನು ಹೊಸದರಲ್ಲಿ ದಿನಕ್ಕೆ 40 ಸಲ ತೆರೆಯುತ್ತಿದ್ದೆ, ಅರ್ಧ ಜನರಿಗೆ ತೋರಿಸಲಿಕ್ಕೇ. ಈಗ 12-15 ಸಲ. ಈ ಲೆಕ್ಕದಲ್ಲಿ ನನ್ನ ಮೊಮ್ಮಕ್ಕಳೂ ಮಡಚಿ ತೆರೆಯಬಹುದು. ಆದರೆ ಪರೀಕ್ಷೆಯ ಯಂತ್ರದ ಪಕ್ಕದಲ್ಲಿ ಯಾರೂ ಸಿಮೆಂಟ್ ಚೀಲ ಬಿಚ್ಚುತ್ತಿರುವುದಿಲ್ಲ ಅಲ್ವಾ?

ಪುಸ್ತಕದ ಥರದ್ದು: ಯಾವುದು ದೊಡ್ಡದಾಗುತ್ತೆ, ಯಾವುದು ಆಗಲ್ಲ

ಜಾಹೀರಾತಿನಲ್ಲಿ ಯಾವಾಗಲೂ ಸಿನಿಮಾ ಇಲ್ಲವೇ ಆಟ ತೋರಿಸುತ್ತಾರೆ. ನಾನೂ ಅದಕ್ಕೇ ಮರುಳಾಗಿದ್ದೆ. ಆದರೆ ಲೆಕ್ಕ ಹಾಕಿ ನೋಡಿ.

ಗ್ಯಾಲಕ್ಸಿ ಝಡ್ ಫೋಲ್ಡ್7 ತೆರೆದರೆ 8 ಇಂಚು. ಆದರೆ ಅದು ಹೆಚ್ಚುಕಮ್ಮಿ ಚೌಕ. ಕ್ರಿಕೆಟ್ ಮ್ಯಾಚು ಅಗಲದ ಚಿತ್ರ. ಚೌಕದಲ್ಲಿ ಅಗಲದ ಚಿತ್ರ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ. ಉಳಿದ ಚಿತ್ರದ ಕರ್ಣ ಅಳೆದರೆ ಸುಮಾರು 6.8 ಇಂಚು. ಅದೇ ಕಂಪನಿಯ ಸಾದಾ ಫೋನಾದ ಎಸ್25 ಅಲ್ಟ್ರಾದ 6.9 ಇಂಚಿನ ಸ್ಕ್ರೀನಲ್ಲಿ ಅದೇ ಮ್ಯಾಚು ಸುಮಾರು 5.9 ಇಂಚು ಕಾಣುತ್ತದೆ. ದೊಡ್ಡದು ಹೌದು, ಆದರೆ ಟ್ಯಾಬ್‌ನಲ್ಲಿ ನೋಡಿದ ಹಾಗೆ ಏನೂ ಇಲ್ಲ. ಬರೀ ಐಪಿಎಲ್ ನೋಡಲು ಇದನ್ನು ಕೊಳ್ಳಬೇಡಿ.

ಓದುವುದಕ್ಕೆ ಬಂದರೆ ಕತೆಯೇ ಬೇರೆ. ಒಂದು ಎ4 ಪುಟ ಅಲ್ಟ್ರಾದಲ್ಲಿ 2.9 ಇಂಚು ಅಗಲಕ್ಕೆ ಕುಗ್ಗುತ್ತದೆ. ಫೋಲ್ಡ್‌ನಲ್ಲಿ ಇಡೀ ಪುಟ ಒಟ್ಟಿಗೆ ಕಂಡೂ 4.2 ಇಂಚು ಅಗಲ ಸಿಗುತ್ತದೆ. ಅಂದರೆ ಅಕ್ಷರ ಒಂದೂವರೆ ಪಟ್ಟಿನ ಹತ್ತಿರ. ಕನ್ನಡ ಓದುವವರಿಗೆ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಇಂಗ್ಲಿಷ್ ಅಕ್ಷರ ಚಿಕ್ಕದಾದರೂ ಹೇಗೋ ಊಹಿಸಬಹುದು. ನಮ್ಮ ಒತ್ತಕ್ಷರ ಹಾಗಲ್ಲ, ಕೆಳಗಿರುವುದು ತಾವತ್ತೋ ನಾವತ್ತೋ ಗೊತ್ತಾಗದೆ ಕಣ್ಣು ಕಿರಿದಾಗುತ್ತದೆ. ಪಹಣಿ, ಕ್ರಯಪತ್ರ, ದಿನಪತ್ರಿಕೆಯ ಇ-ಪೇಪರ್ ಇವನ್ನೆಲ್ಲ ನಾನು ಈಗ ಹಿಗ್ಗಿಸದೆ ಓದುತ್ತೇನೆ. ನನ್ನ ಫೋನ್ ದುಡ್ಡು ದುಡಿದಿರುವುದು ಇಲ್ಲೇ. ಒಂದು ಕಡೆ ಎಕ್ಸೆಲ್, ಇನ್ನೊಂದು ಕಡೆ ಪಾರ್ಟಿಯವರ ವಾಟ್ಸಾಪ್ ಇಟ್ಟುಕೊಂಡು ಬಿಲ್ಲು ತಾಳೆ ನೋಡುವುದು ಎರಡನೇ ಲಾಭ.

ಇನ್ನು ಯಾರೂ ಹೇಳದ ಮಾತು: ಇದಕ್ಕೆ ಎರಡು ಕೈ ಬೇಕು. ತೆರೆಯಲೂ ಎರಡು ಕೈ, ತೆರೆದು ಹಿಡಿಯಲೂ ಎರಡು ಕೈ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಒಂದು ಕೈಯಲ್ಲಿ ಕಾಫಿ ಲೋಟ ಇದ್ದಾಗ, ತರಕಾರಿ ಚೀಲ ಇದ್ದಾಗ ಅದು ಮುಚ್ಚಿಯೇ ಇರುತ್ತದೆ. ಆ ಹೊತ್ತಿನಲ್ಲೆಲ್ಲ ನೀವು ಬಳಸುವುದು ಹೊರಗಿನ ಸ್ಕ್ರೀನನ್ನೇ. ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಲು ಯಾರೂ ಪುಸ್ತಕ ತೆರೆಯುವುದಿಲ್ಲ. ಹಾಗಾಗಿ ಅಂಗಡಿಗೆ ಹೋದರೆ ಮೊದಲು ಮುಚ್ಚಿದ ಫೋನನ್ನು ಹಿಡಿದು, ಒಂದೇ ಹೆಬ್ಬೆರಳಲ್ಲಿ ಕನ್ನಡದಲ್ಲಿ ಎರಡು ಸಾಲು ಟೈಪ್ ಮಾಡಿ ನೋಡಿ. ಹಳೆಯ ಫೋಲ್ಡ್‌ಗಳಲ್ಲಿ ಹೊರ ಸ್ಕ್ರೀನು ಟಿವಿ ರಿಮೋಟಿನಷ್ಟು ಕಿರಿದು. ಕನ್ನಡ ಕೀಬೋರ್ಡಿನ ಕೀಲಿಗಳು ಅದರಲ್ಲಿ ಸಾಸಿವೆ ಕಾಳು. ಫೋಲ್ಡ್7ರಲ್ಲಿ 6.5 ಇಂಚಾಗಿ ಅಗಲವೂ ಸರಿಹೋಗಿದೆ.

ತೂಕದ ಹಳೆಯ ದೂರೂ ಈಗಿಲ್ಲ. 2020ರ ಫೋಲ್ಡ್2 282 ಗ್ರಾಂ ಇತ್ತು, ಅಂಗಿ ಜೇಬಿಗೆ ಹಾಕಿದರೆ ಅಂಗಿಯೇ ಜೋತುಬೀಳುತ್ತಿತ್ತು. ಫೋಲ್ಡ್7 215 ಗ್ರಾಂ. ಎಸ್25 ಅಲ್ಟ್ರಾ 218. ಮಡಚುವುದೇ ಹಗುರ! ಮುಚ್ಚಿದಾಗ ದಪ್ಪ 8.9 ಮಿ.ಮೀ., ಅಲ್ಟ್ರಾ 8.2. ಕಣ್ಣು ಮುಚ್ಚಿ ಹಿಡಿದರೆ ವ್ಯತ್ಯಾಸ ಗೊತ್ತಾಗುವುದು ಕಷ್ಟ.

ಹಾಗಾದರೆ ಆ ತೂಕ ಹೋಗಿದ್ದೆಲ್ಲಿ? ಪುಕ್ಕಟೆಯಾಗಿ ಏನೂ ಹೋಗಿಲ್ಲ. ಬ್ಯಾಟರಿ 4400 ಎಂಎಎಚ್, ಅಲ್ಟ್ರಾದಲ್ಲಿ 5000. ಚಾರ್ಜಿಂಗ್ 25 ವ್ಯಾಟ್, ಅಲ್ಟ್ರಾದಲ್ಲಿ 45. ಹಿಂದಿನ ಫೋಲ್ಡ್‌ಗಳಲ್ಲಿದ್ದ, ಸ್ಕ್ರೀನ್ ಮೇಲೆ ಬರೆಯುವ ಎಸ್ ಪೆನ್ ಸೌಲಭ್ಯವನ್ನೂ ತೆಳ್ಳಗೆ ಮಾಡುವ ಭರದಲ್ಲಿ ತೆಗೆದಿದ್ದಾರೆ. ಇಷ್ಟು ದೊಡ್ಡ ಹಾಳೆ ಕೊಟ್ಟು ಪೆನ್ನು ಕಿತ್ತುಕೊಂಡರೆ ಹೇಗೆ? ನನಗಂತೂ ಇದು ಸರಿಕಾಣಲಿಲ್ಲ. ಡ್ರಾಯಿಂಗ್ ಮೇಲೆ ಗುರುತು ಹಾಕುವ ಭಾವನಿಗೆ ಇದು ಚಿಕ್ಕ ವಿಷಯವೇ ಅಲ್ಲ.

ಕ್ಯಾಮೆರಾದಲ್ಲೂ ಹಾಗೇ. ತೆರೆದಾಗ ಪ್ರತಿ ಭಾಗದ ದಪ್ಪ 4.2 ಮಿ.ಮೀ. ಮಾತ್ರ. ದೂರದ್ದನ್ನು ಹತ್ತಿರಕ್ಕೆ ತರುವ ಲೆನ್ಸಿಗೆ ಆಳ ಬೇಕು, ಆ ಆಳ ಇಲ್ಲಿಲ್ಲ. ಮುಖ್ಯ ಕ್ಯಾಮೆರಾ 200 ಮೆಗಾಪಿಕ್ಸೆಲ್, ಚೆನ್ನಾಗಿದೆ. ಆದರೆ ಜೂಮ್ 3 ಪಟ್ಟು, 10 ಮೆಗಾಪಿಕ್ಸೆಲ್. ಅಲ್ಟ್ರಾದಲ್ಲಿ ಇಂಥದ್ದೇ ಒಂದರ ಜೊತೆಗೆ 5 ಪಟ್ಟಿನ 50 ಮೆಗಾಪಿಕ್ಸೆಲ್ ಲೆನ್ಸ್ ಬೇರೆ ಇದೆ. ಮೈಸೂರು ದಸರಾದಲ್ಲಿ ಜನರ ಹಿಂದೆ ನಿಂತು ಅಂಬಾರಿಯ ಫೋಟೋ ತೆಗೆಯಬೇಕೆಂದರೆ, ವೇದಿಕೆಯ ಮೇಲೆ ಮಗಳ ನೃತ್ಯ ಹಿಡಿಯಬೇಕೆಂದರೆ ಸಾದಾ ಫೋನೇ ಗೆಲ್ಲುತ್ತದೆ. ಬೆಲೆಯಲ್ಲೂ ಅದೇ ಕಮ್ಮಿ: ಫೋಲ್ಡ್7 1,74,999 ರೂಪಾಯಿ, ಅಲ್ಟ್ರಾ 1,29,999.

ಬ್ಯಾಟರಿಯೇ ಮುಖ್ಯ ಅನ್ನುವವರು ವಿವೋ ಎಕ್ಸ್ ಫೋಲ್ಡ್5 ನೋಡದೆ ಬರಬೇಡಿ. 217 ಗ್ರಾಂ ತೂಕದಲ್ಲೇ 6000 ಎಂಎಎಚ್ ಬ್ಯಾಟರಿ, 80 ವ್ಯಾಟ್ ಚಾರ್ಜಿಂಗ್, 3 ಪಟ್ಟಿನ 50 ಮೆಗಾಪಿಕ್ಸೆಲ್ ಜೂಮ್. 512 ಜಿಬಿಯದ್ದಕ್ಕೆ 1,49,999. ಬ್ಯಾಟರಿಯಲ್ಲಿ ಸಿಲಿಕಾನ್ ಬೆರೆಸುವ ಹೊಸ ರೀತಿಯಿಂದ ಅಷ್ಟೇ ಜಾಗದಲ್ಲಿ ಜಾಸ್ತಿ ತುಂಬಿಸಲು ಆಗಿದೆ. ಚಿಪ್ ಮಾತ್ರ ಒಂದು ವರ್ಷ ಹಳೆಯದು, ಸ್ನಾಪ್‌ಡ್ರಾಗನ್ 8 ಜೆನ್ 3. ನಮ್ಮಂಥವರ ಕೆಲಸಕ್ಕೆ ಅದರಿಂದ ಏನೂ ಕೊರತೆಯಿಲ್ಲ. ಕಾಗದದ ಮೇಲಿನ ಲೆಕ್ಕ ನೋಡಿದರೆ ನನ್ನ ಮನಸ್ಸು ಇದರ ಕಡೆಗೇ ವಾಲುತ್ತದೆ. ಆದರೆ ಸ್ಯಾಮ್‌ಸಂಗ್ 7 ವರ್ಷ ಅಪ್‌ಡೇಟ್ ಕೊಡುತ್ತೇನೆ ಅಂದಿದೆ. ಒಂದು ಫೋನನ್ನು ಐದಾರು ವರ್ಷ ಎಳೆಯುವವರಿಗೆ ಆ ಮಾತಿಗೆ ಬೆಲೆಯಿದೆ.

ಧೂಳು

ನೀರಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಧೂಳಿನ ಬಗ್ಗೆ ಯಾರೂ ಕೇಳುವುದಿಲ್ಲ. ಮಡಚುವ ಫೋನಿಗೆ ಮಳೆಗಿಂತ ಧೂಳೇ ದೊಡ್ಡ ಶತ್ರು.

ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳಲು ಡಬ್ಬದ ಮೇಲೆ ಐಪಿ48 ಅಂತ ಇರುತ್ತದೆ. ಇದು ಒಂದು ಸಂಖ್ಯೆಯಲ್ಲ, ಎರಡು. ಎರಡನೆಯ 8 ನೀರಿನದ್ದು. ಒಂದು ಮೀಟರಿಗಿಂತ ಆಳದ ನೀರಿಗೆ ಬಿದ್ದರೂ ಕಂಪನಿ ಹೇಳಿದಷ್ಟು ಹೊತ್ತು ತಡೆಯುತ್ತದೆ. ಮೊದಲನೆಯ 4 ಧೂಳಿನದ್ದು. ಒಂದು ಮಿ.ಮೀ.ಗಿಂತ ದಪ್ಪದ ವಸ್ತು ಒಳಗೆ ಹೋಗುವುದಿಲ್ಲ ಅಂತ ಅದರ ಅರ್ಥ. ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಸಾಸಿವೆ ಕಾಳನ್ನು ತಡೆಯುತ್ತದೆ, ಚಿರೋಟಿ ರವೆಯನ್ನು ತಡೆಯುತ್ತೇನೆ ಅಂತ ಮಾತು ಕೊಟ್ಟಿಲ್ಲ. ಸಿಮೆಂಟ್ ಪುಡಿ, ಎಂ ಸ್ಯಾಂಡ್ ಧೂಳಿನ ಮಾತು ಬಿಡಿ. ಧೂಳು ಪೂರ್ತಿ ತಡೆಯಬೇಕಾದರೆ ಮೊದಲ ಸಂಖ್ಯೆ 6 ಇರಬೇಕು. ಸಾದಾ ದುಬಾರಿ ಫೋನುಗಳೆಲ್ಲ ಐಪಿ68ರವೇ.

ಫೋಲ್ಡ್7 ಐಪಿ48. ವಿವೋದ್ದು ಧೂಳಿಗೆ 5, ಅಂದರೆ ಸ್ವಲ್ಪ ಒಳಗೆ ಹೋದರೂ ಕೆಲಸ ಕೆಡುವುದಿಲ್ಲ ಅನ್ನುವ ಮಟ್ಟ. ಮಡಚುವ ಫೋನಿಗೆ ಮೊದಲ ಬಾರಿ ಐಪಿ68 ತಂದಿದ್ದು ಗೂಗಲ್‌ನ ಪಿಕ್ಸೆಲ್ 10 ಪ್ರೊ ಫೋಲ್ಡ್. 1,72,999 ರೂಪಾಯಿ. ತೂಕ ಮಾತ್ರ 258 ಗ್ರಾಂ. ಫೋಲ್ಡ್7ಕ್ಕಿಂತ 43 ಗ್ರಾಂ ಜಾಸ್ತಿ. ಕೇಳಲು ಕಮ್ಮಿ, ಆದರೆ ಸಂಜೆಯ ಹೊತ್ತಿಗೆ ಕಿರುಬೆರಳಿಗೆ ಗೊತ್ತಾಗುತ್ತದೆ. ಗಣಿ, ಕ್ವಾರಿ, ಕಟ್ಟಡ, ಹೊಲ, ಅಕ್ಕಿ ಗಿರಣಿ ಇಂಥ ಕಡೆ ಕೆಲಸ ಮಾಡುವವರು ಪುಸ್ತಕದ ಥರದ್ದೇ ಬೇಕು ಅಂತ ಹಟ ಹಿಡಿದರೆ ನಾನು ಇದೊಂದನ್ನೇ ಹೇಳುತ್ತೇನೆ.

ಭಾವನ ಕಷ್ಟ ಈಗ ಅರ್ಥವಾಯಿತಲ್ಲ? ದೊಡ್ಡ ಸ್ಕ್ರೀನು ಯಾರಿಗೆ ಹೆಚ್ಚು ಬೇಕೋ ಅವರ ಕೆಲಸದ ಜಾಗವೇ ಆ ಸ್ಕ್ರೀನಿಗೆ ಆಗಿಬರದು.

ಅದಕ್ಕೆ ಅವರ ಮುಂದೆ ಇನ್ನೊಂದು ದಾರಿ ಇಟ್ಟೆ. ಸಾದಾ ಫೋನು, ಜೊತೆಗೆ ಒಂದು ಟ್ಯಾಬು. ಗ್ಯಾಲಕ್ಸಿ ಟ್ಯಾಬ್ ಎಸ್10 ಎಫ್‌ಇ, ವೈಫೈ ಮಾದರಿ 42,999 ರೂಪಾಯಿ. 10.9 ಇಂಚು, ಐಪಿ68, ಡಬ್ಬದಲ್ಲೇ ಎಸ್ ಪೆನ್. ಎಸ್25 ಅಲ್ಟ್ರಾ ಜೊತೆ ಕೂಡಿಸಿದರೆ 1,72,998. ಪಿಕ್ಸೆಲ್ ಫೋಲ್ಡ್‌ಗಿಂತ ಸರಿಯಾಗಿ ಒಂದು ರೂಪಾಯಿ ಕಮ್ಮಿ! ಕೂಡಿಸಿದಾಗ ನನಗೇ ನಗು ಬಂತು. ಒಂದು ಡ್ರಾಯಿಂಗ್ ಹಾಳೆಯನ್ನು ಅಡ್ಡಲಾಗಿ ಪೂರ್ತಿ ತೋರಿಸಿದರೆ ಅಲ್ಟ್ರಾದಲ್ಲಿ 4 ಇಂಚು ಅಗಲ, ಫೋಲ್ಡ್‌ನಲ್ಲಿ 6, ಈ ಟ್ಯಾಬ್‌ನಲ್ಲಿ 8.

"ಅದೆಲ್ಲ ಸರಿ, ಆದರೆ ಟ್ಯಾಬು ಕಾರಲ್ಲೇ ಉಳಿದುಬಿಡುತ್ತಪ್ಪಾ" ಅಂದರು ಭಾವ.

ಮಡಚುವ ಫೋನಿನ ಪರವಾಗಿ ಇದಕ್ಕಿಂತ ಒಳ್ಳೆಯ ವಾದ ನಾನು ಕೇಳಿಲ್ಲ. ಟ್ಯಾಬು ದೊಡ್ಡದೇ, ಆದರೆ ಬೇಕಾದಾಗ ಕೈಯಲ್ಲಿರುವುದಿಲ್ಲ. ನಮ್ಮ ಮನೆಯಲ್ಲೂ ಒಂದಿದೆ, ಮೂರು ತಿಂಗಳಿಂದ ಬೀರುವಿನ ಮೇಲೆ ಚಾರ್ಜ್ ಇಲ್ಲದೆ ಮಲಗಿದೆ. ಫೋಲ್ಡು ಜೇಬಲ್ಲೇ ಇರುತ್ತದೆ.

ಡಬ್ಬಿಯ ಥರದ್ದು

ಸೊಸೆಯ, ಅಂದರೆ ಭಾವನ ಮಗಳ, ವಿಷಯ ಸುಲಭ. "ಮಾವ, ಹುಡುಗಿಯರ ಜೀನ್ಸ್ ಜೇಬು ಯಾವತ್ತಾದ್ರೂ ನೋಡಿದ್ದೀಯಾ?" ಅಂತ ಕೇಳಿದಳು. ನೋಡಿರಲಿಲ್ಲ. ಆಮೇಲೆ ಅಕ್ಕ ತೋರಿಸಿದಳು. ಅದರಲ್ಲಿ ಮೆಟ್ರೋ ಕಾರ್ಡು ಹಿಡಿಸಬಹುದು, ಅಷ್ಟೇ.

ಝಡ್ ಫ್ಲಿಪ್7 ಮುಚ್ಚಿದರೆ ಎಂಟೂವರೆ ಸೆಂ.ಮೀ. ಉದ್ದ, ಏಳೂವರೆ ಸೆಂ.ಮೀ. ಅಗಲ. 188 ಗ್ರಾಂ. ತೆರೆದರೆ 6.9 ಇಂಚಿನ ಪೂರ್ತಿ ಫೋನು. ಬೆಲೆ 1,09,999. ಇದರ ಎದುರಾಳಿ ಮೋಟೊರೊಲಾ ರೇಜರ್ 60 ಅಲ್ಟ್ರಾ, 99,999. ಮೋಟೊರೊಲಾದಲ್ಲಿ ಬ್ಯಾಟರಿ 4700, ಫ್ಲಿಪ್‌ನಲ್ಲಿ 4300. ಚಾರ್ಜಿಂಗ್ 68 ವ್ಯಾಟ್, ಫ್ಲಿಪ್‌ನಲ್ಲಿ 25. ಚಿಪ್ಪೂ ಮೋಟೊರೊಲಾದ್ದೇ ಜೋರು, ಸ್ನಾಪ್‌ಡ್ರಾಗನ್ 8 ಎಲೀಟ್. ಫ್ಲಿಪ್‌ನಲ್ಲಿರುವುದು ಎಕ್ಸಿನಾಸ್ 2500. ಅಪ್‌ಡೇಟ್ ವಿಷಯದಲ್ಲಿ ಸ್ಯಾಮ್‌ಸಂಗ್ ತುಂಬಾ ಮುಂದೆ. ಎರಡರಲ್ಲೂ ದೂರದ ಜೂಮ್ ಲೆನ್ಸ್ ಇಲ್ಲ, ಎರಡೂ ಐಪಿ48.

ಹೊರಗಿನ 4 ಇಂಚಿನ ಸ್ಕ್ರೀನಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಅನ್ನುವುದರ ಮೇಲೆ ಈ ಜಾತಿಯ ಫೋನಿನ ಸುಖ ನಿಂತಿದೆ. ಪ್ರತಿ ಸಲ ತೆರೆಯಬೇಕಾದರೆ ಚಿಕ್ಕದಾಗಿ ಏನು ಬಂತು? ಮೋಟೊರೊಲಾದಲ್ಲಿ ಬಹುತೇಕ ಆ್ಯಪ್‌ಗಳು ಹೊರಗೇ ತೆರೆಯುತ್ತವೆ. ಸ್ಯಾಮ್‌ಸಂಗ್‌ನಲ್ಲಿ ಎಲ್ಲ ಆ್ಯಪ್ ಹೊರಗೆ ಬೇಕೆಂದರೆ ಗುಡ್ ಲಾಕ್ ಅನ್ನುವ ಇನ್ನೊಂದು ಆ್ಯಪ್ ಹಾಕಿ ಒಂದಿಷ್ಟು ಸೆಟ್ಟಿಂಗ್ ತಿರುವಬೇಕು. ಸೊಸೆ ಅಂಗಡಿಯಲ್ಲಿ ನಿಂತು ಹೊರ ಸ್ಕ್ರೀನಲ್ಲಿ ಕನ್ನಡ ಟೈಪ್ ಮಾಡಿ ನೋಡಿದಳು. ಕೀಬೋರ್ಡ್ ಬಂದರೆ ಮೆಸೇಜಿಗೆ ಉಳಿಯುವ ಜಾಗ ಎರಡು ಸಾಲು. "ಸಾಕು, ನಾನು ಕಳಿಸೋದು ಹ್ಞೂಂ, ಬಂದೆ, ಆಯ್ತು ಅಷ್ಟೇ" ಅಂದಳು.

ಇದರ ನಿಜವಾದ ಮಜಾ ಅರ್ಧ ಮಡಚಿ ಮೇಜಿನ ಮೇಲೆ ಇಡುವುದರಲ್ಲಿದೆ. ಸ್ಟ್ಯಾಂಡು ಬೇಡ, ಗೋಡೆಗೆ ಒರಗಿಸಬೇಕಿಲ್ಲ. ಹಿಂದಿನ ಒಳ್ಳೆಯ ಕ್ಯಾಮೆರಾದಲ್ಲೇ ಸೆಲ್ಫಿ ತೆಗೆದುಕೊಳ್ಳಬಹುದು, ಹೊರ ಸ್ಕ್ರೀನಲ್ಲಿ ಮುಖ ಕಾಣುತ್ತಿರುತ್ತದೆ. ಗುಂಪಿನ ಫೋಟೋದಲ್ಲಿ ಯಾವಾಗಲೂ ಕಾಣೆಯಾಗುವ ಆ ಒಬ್ಬರು, ಅದೇ ಫೋಟೋ ತೆಗೆಯುವವರು, ಕೊನೆಗೂ ಫೋಟೋದಲ್ಲಿ ಬರುತ್ತಾರೆ.

ತೆಳು ಫೋನುಗಳ ಬಗ್ಗೆಯೂ ಕೇಳಿದ್ದಳು. ಐಫೋನ್ ಏರ್ 5.6 ಮಿ.ಮೀ., 165 ಗ್ರಾಂ, 1,19,900 ರೂಪಾಯಿ, ಹಿಂದೆ ಒಂದೇ ಕ್ಯಾಮೆರಾ. ಎಸ್25 ಎಡ್ಜ್ 5.8 ಮಿ.ಮೀ., ಬ್ಯಾಟರಿ 3900. ಕೈಯಲ್ಲಿ ಹಿಡಿದರೆ ಆಹಾ ಅನ್ನಿಸುತ್ತದೆ. ಆದರೆ ಜೇಬಿನ ಸಮಸ್ಯೆ ದಪ್ಪದ್ದಲ್ಲ, ಉದ್ದದ್ದು. ತೆಳ್ಳಗಾದ ಮಾತ್ರಕ್ಕೆ ಉದ್ದ ಕಮ್ಮಿಯಾಗಲ್ಲ. ಮಾತು ಅಲ್ಲಿಗೇ ಮುಗಿಯಿತು.

ರಿಪೇರಿ, ಸೆಕೆಂಡ್ ಹ್ಯಾಂಡ್

ಇಲ್ಲಿ ನನ್ನ ಸ್ವಂತ ಅನುಭವ ಹೇಳಿಬಿಡುತ್ತೇನೆ. ಕಂಪನಿಯ ಹೆಸರು ಬೇಡ. ಕೊಂಡ 14ನೇ ತಿಂಗಳಿಗೆ ನಡುವಿನ ಗೆರೆಯ ಮೇಲೆ ಆ ಪ್ಲಾಸ್ಟಿಕ್ ಪದರ ಬೊಬ್ಬೆ ಎದ್ದಿತು. ಮೊದಲು ಅಕ್ಕಿ ಕಾಳಿನಷ್ಟು, ಆಮೇಲೆ ಉದ್ದಕ್ಕೂ. ನಮ್ಮೂರ ಸರ್ವಿಸ್ ಸೆಂಟರಿನ ಹುಡುಗ ನೋಡಿ, "ಸರ್, ಇದನ್ನ ಅಂಟಿಸೋ ಮೆಷಿನ್ ನಮ್ಮತ್ರ ಇಲ್ಲ, ಬೆಂಗಳೂರಿಗೆ ಹೋಗಬೇಕು" ಅಂದ. ಕಳಿಸಿ, ಬರುವಷ್ಟರಲ್ಲಿ 9 ದಿನ. ಅಷ್ಟು ದಿನ ಹಳೆಯ ಫೋನಿಗೆ ಸಿಮ್ ಹಾಕಿಕೊಂಡು ಓಡಾಡಿದೆ. ಫೋನ್ ಸರಿಯಾಗಿಯೇ ಬಂತು, ದೂರಿಲ್ಲ. ಆದರೆ ಒಂದೇ ಫೋನಿನ ಮೇಲೆ ವ್ಯಾಪಾರ ನಡೆಸುವವರಿಗೆ 9 ದಿನ ಅಂದರೆ ಏನು ಅಂತ ಯೋಚಿಸಿ.

ಸಾದಾ ಫೋನಿನ ಸ್ಕ್ರೀನ್ ಒಡೆದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ, ನಿಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲೋ ಹೇಗೋ ದಾರಿಯಿದೆ. ಮಡಚುವ ಫೋನಿನ ಒಳ ಸ್ಕ್ರೀನನ್ನು ಅಂಥಲ್ಲಿ ಬಿಚ್ಚಿಸಲೇಬೇಡಿ. ಹಿಂಜ್, ಸ್ಕ್ರೀನ್, ನೀರು ತಡೆಯುವ ಅಂಟು ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಕಂಪನಿಯಲ್ಲೇ ಮಾಡಿಸಿದರೆ ವಾರಂಟಿ ಮುಗಿದ ಮೇಲೆ ಒಳ ಸ್ಕ್ರೀನಿಗೆ ಹೇಳುವ ದರದಲ್ಲಿ ಒಂದು ಒಳ್ಳೆಯ ಮಧ್ಯಮ ಬೆಲೆಯ ಫೋನೇ ಬರುತ್ತದೆ. ಹಾಗಾಗಿ ಕೊಳ್ಳುವ ದಿನವೇ ಕೇಳಬೇಕಾದ್ದು ಇಷ್ಟು: ಬಿದ್ದು ಒಡೆದರೂ ಒಪ್ಪುವ ಕೇರ್ ಪ್ಲಾನ್ ಎಷ್ಟು, ಒಂದು ಸಲಕ್ಕೆ ನಾವು ಕೈಯಿಂದ ಎಷ್ಟು ಕಟ್ಟಬೇಕು, ಒಳ ಪದರ ಬದಲಾಯಿಸುವ ಯಂತ್ರ ನಮ್ಮ ಜಿಲ್ಲೆಯಲ್ಲಿ ಇದೆಯಾ. ಮೂರನೆಯದನ್ನು ಅಂಗಡಿಯವರನ್ನು ಕೇಳಬೇಡಿ, ಸರ್ವಿಸ್ ಸೆಂಟರಿಗೇ ಫೋನ್ ಮಾಡಿ. ಪ್ಲಾನಿನ ದುಡ್ಡನ್ನು ಫೋನಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಸಾದಾ ಫೋನಿಗೆ ಅದು ಬೇಕಾದರೆ ಮಾಡಿಸಿ, ಮಡಚುವುದಕ್ಕೆ ಮಾಡಿಸಲೇಬೇಕು.

ಸೆಕೆಂಡ್ ಹ್ಯಾಂಡ್ ಆಸೆ ಬಹಳ ಜನಕ್ಕಿದೆ, ಏಕೆಂದರೆ ಮಡಚುವ ಫೋನಿನ ಬೆಲೆ ಎರಡೇ ವರ್ಷದಲ್ಲಿ ದಬಕ್ಕನೆ ಬೀಳುತ್ತದೆ. ಬಿದ್ದಿದ್ದು ಯಾಕೆ ಅನ್ನುವುದನ್ನೂ ನೋಡಬೇಕಲ್ಲ. ಹಾಗೂ ಕೊಳ್ಳುವುದಾದರೆ ಅರ್ಧ ತೆರೆದು ಕೈ ಬಿಡಿ, ಅದೇ ಕೋನದಲ್ಲಿ ನಿಲ್ಲಬೇಕು. ನಿಧಾನ ತೆರೆಯುವಾಗ ಕಿವಿ ಹತ್ತಿರ ತನ್ನಿ. ಮರಳು ಅರೆದಂಥ ಸಣ್ಣ ಸದ್ದು ಬಂದರೆ ಅಲ್ಲೇ ವಾಪಸ್ ಕೊಟ್ಟುಬಿಡಿ. ಪೂರ್ತಿ ಬಿಳಿ ಚಿತ್ರ ಹಾಕಿ ಗೆರೆಯ ಉದ್ದಕ್ಕೂ ಕಪ್ಪು ಚುಕ್ಕೆ ಇದೆಯಾ ನೋಡಿ, ಆ ಗೆರೆಯ ಮೇಲೆ ಬೆರಳಾಡಿಸಿ ಎಲ್ಲ ಕಡೆ ಟಚ್ ಆಗುತ್ತಾ ನೋಡಿ. ಸ್ಯಾಮ್‌ಸಂಗ್‌ನಲ್ಲಿ ಫೋಲ್ಡ್5ಕ್ಕಿಂತ ಹಳೆಯದಕ್ಕೆ ನಾನಂತೂ ಕೈ ಹಾಕುವುದಿಲ್ಲ.

ಒಂದು ವಾರದ ಲೆಕ್ಕ

ಇಷ್ಟೆಲ್ಲ ಕೇಳಿದ ಮೇಲೂ ಭಾವ "ಹಾಗಾದ್ರೆ ತಗೊಳ್ಲಾ ಬೇಡ್ವಾ?" ಅಂದರು. ನಾನು ಒಂದು ಕೆಲಸ ಹೇಳಿದೆ. ಒಂದು ವಾರ ಜೇಬಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಸ್ಕ್ರೀನು ದೊಡ್ಡದಿದ್ದಿದ್ದರೆ ಅಂತ ಅನ್ನಿಸಿದಾಗೆಲ್ಲ ಒಂದು ಗೀಟು ಹಾಕಿ. ಪಕ್ಕದಲ್ಲಿ ಎಲ್ಲಿದ್ದಿರಿ, ಎರಡೂ ಕೈ ಖಾಲಿ ಇತ್ತಾ, ಇಷ್ಟು ಬರೆಯಿರಿ. ಸೊಸೆಗೂ ಇದೇ ಪರೀಕ್ಷೆ, ಆದರೆ ಅವಳ ಗೀಟು ಫೋನು ಜೇಬಲ್ಲಿ ಹಿಡಿಸದೆ ಕೈಯಲ್ಲೇ ಹಿಡಿದು ಓಡಾಡಿದ್ದಕ್ಕೆ. ಈ ಫೋನುಗಳು ಬೇಕೋ ಬೇಡವೋ ಅನ್ನುವುದು ಫೋನಿನಲ್ಲಿಲ್ಲ, ಆ ಚೀಟಿಯಲ್ಲಿದೆ. ವಾರಕ್ಕೆ ನಾಲ್ಕೈದು ಗೀಟು ಬಿದ್ದರೆ ಸಾದಾ ಫೋನೇ ಸಾಕು, ಉಳಿದ 45 ಸಾವಿರ ನಿಮ್ಮದು. ದಿನಕ್ಕೆ ನಾಲ್ಕೈದು ಬಿದ್ದರೆ ಅಂಗಡಿಗೆ ಹೋಗಿ.

ಸೊಸೆಯ ಚೀಟಿ ಎರಡೇ ದಿನಕ್ಕೆ ತುಂಬಿತು. ಅವಳು ಮೋಟೊರೊಲಾ ಕೊಂಡಳು. ಅಪ್‌ಡೇಟ್ ಬಗ್ಗೆ ನಾನು ಹೇಳಿದ್ದು ಕಿವಿಗೆ ಬೀಳಲಿಲ್ಲ. "ಮೂರು ವರ್ಷಕ್ಕೆ ನಾನೇ ಬದಲಾಗಿರ್ತೀನಿ ಮಾವ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಭಾವ ಸಿಮೆಂಟ್ ಬಿಲ್ಲಿನ ಹಿಂದೆ ಬರೆದು ಫೋಟೋ ಕಳಿಸಿದರು. ಆರು ದಿನಕ್ಕೆ 31 ಗೀಟು. ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ, ಫೋಲ್ಡ್ ಕೊಳ್ಳಿ ಅನ್ನಬೇಕಾದಷ್ಟು. ಆದರೆ ಪಕ್ಕದ ಬರಹ ನೋಡಿದರೆ 22 ಗೀಟು ಕಾರಿನಲ್ಲಿ ಕೂತಿದ್ದಾಗಲೇ ಬಿದ್ದಿದ್ದವು. ಇಂಜಿನಿಯರ್ ಜೊತೆ ಫೋನಲ್ಲಿ ಮಾತಾಡಲು ಸೈಟಿನ ಸದ್ದು ಬಿಟ್ಟು ಅವರು ಕಾರಿಗೇ ಬರುತ್ತಾರೆ. ಟ್ಯಾಬು ಕಾರಲ್ಲೇ ಉಳಿದುಬಿಡುತ್ತೆ ಅಂದಿದ್ದರಲ್ಲ, ಅವರಿಗೆ ಅದು ಬೇಕಾದದ್ದೂ ಅಲ್ಲೇ.

ಈಗಿನ ಫೋನು ಚೆನ್ನಾಗಿಯೇ ಇದೆ ಅಂತ ಅದನ್ನು ಬದಲಾಯಿಸಲಿಲ್ಲ. ಟ್ಯಾಬು ಒಂದನ್ನೇ ತಂದರು. ಉಳಿದ ದುಡ್ಡಿಗೆ ಅಕ್ಕ ಅಷ್ಟರಲ್ಲೇ ಬೇರೆ ಲೆಕ್ಕ ಹಾಕಿಯಾಗಿತ್ತು. ಮೊನ್ನೆ ಭಾವ ಒಂದು ಡ್ರಾಯಿಂಗ್ ಕಳಿಸಿದ್ದರು, ಪೆನ್ನಿನಲ್ಲಿ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ತಮ್ಮ ಅಡ್ಡಾದಿಡ್ಡಿ ಕೈಬರಹದಲ್ಲಿ ಕನ್ನಡದಲ್ಲೇ ಬರೆದು. ಅಡುಗೆಮನೆ ಕಿಟಕಿ ಒಂದಡಿ ಎಡಕ್ಕೆ ಬರಬೇಕಂತೆ. ಇಂಜಿನಿಯರಿಗೆ ಕಳಿಸುವ ಬದಲು ನನಗೆ ಕಳಿಸಿಬಿಟ್ಟಿದ್ದರು.